ನಿಮಗಿದು ಗೊತ್ತೆ? ಹನುಮಾನ್‌ಕೈಂಡ್ ಕೊಯಮತ್ತೂರಿನಲ್ಲಿ ಓದಿದವರು
‘ಬಿಗ್ ಡಾಗ್ಸ್’ ಹಾಡಿನ ರ್‍ಯಾಪರ್ ಹನುಮಾನ್‌ಕೈಂಡ್ 2024ರಲ್ಲಿ ದಿಢೀರನೆ ಹುಟ್ಟಿಕೊಂಡವರಲ್ಲ. ಕೇರಳದ ಮಲಪ್ಪುರಂ ಮೂಲದ, ಅಮೆರಿಕದ ಹ್ಯೂಸ್ಟನ್‌ನಲ್ಲಿ ಬೆಳೆದ ಸೂರಜ್ ಚೆರುಕಾಟ್ (ಇದು ಅವರ ನಿಜ ಹೆಸರು), ಕೊಯಮತ್ತೂರಿನ ಪಿಎಸ್‌ಜಿ ಕಾಲೇಜಿನಲ್ಲಿ ಓದಿ, ಬೆಂಗಳೂರಿಗೆ ಬಂದು ಕಂಪನಿ ಕೆಲಸ ಮಾಡಿ, ಅದನ್ನು ಬಿಟ್ಟು ರ್‍ಯಾಪ್ ಹಿಡಿದರು. ಮೊದಲ ಇಪಿ (ಕಿರು ಆಲ್ಬಂ) ‘ಕಳರಿ’ ಬಂದದ್ದು 2019ರಲ್ಲಿ. ಅಲ್ಲಿಂದ ‘ಬಿಗ್ ಡಾಗ್ಸ್’ ಮೂಲಕ ಅಮೆರಿಕದ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರ 23ನೇ ಸ್ಥಾನಕ್ಕೇರಲು ಐದು ವರ್ಷ ಹಿಡಿಯಿತು. ಬರೀ ಅದೃಷ್ಟ ಎನ್ನಲಾಗದು. ಇಂಗ್ಲಿಷಿನಲ್ಲಿ ಹಾಡುವವರು ನಮ್ಮವರು ಹೇಗಾದಾರು ಎಂಬ ಆಕ್ಷೇಪವುಂಟು. ಆದರೆ ‘ಬಿಗ್ ಡಾಗ್ಸ್’ ವಿಡಿಯೊ ನೋಡಿ: ಸಂಗೀತ ನಿರ್ಮಾಪಕ ಕಲ್ಮಿ ಕಟ್ಟಿಕೊಟ್ಟ, ಎದೆ ನಡುಗಿಸುವ ಬಾಸ್, ಕೇರಳದ ಪೊನ್ನಾನಿಯಲ್ಲಿ ಚಿತ್ರೀಕರಿಸಿದ, ಜಾತ್ರೆಗಳಲ್ಲಿ ನಾವೆಲ್ಲ ಕಂಡ ಮರಣಬಾವಿ, ಗೋಡೆಯ ಮೇಲೆ ಸುತ್ತುವ ಬೈಕು, ಕಾರು, ಕೆಳಗೆ ನಡುಮಧ್ಯೆ ಗಾಯಕ. ಇದಕ್ಕಿಂತ ನಮ್ಮ ಕಡೆಯದು ಇನ್ನೇನು ಬೇಕು?