ಪ್ರೊಸೆಸರಿನ ಮಿಡಿತ ಎಣಿಸುವ ಕೆಲಸ

ಬೆಟಗೇರಿಯ ಮಗ್ಗದ ಓಣಿಯಲ್ಲಿ ಬೆಳೆದ ನಾನು ಈಗ ಅಲ್ಲೇ ಕೂತು ಸಿಸ್ಟಂ ಲೈಬ್ರರಿಗೆ ಕೋಡ್ ಬರೆಯುತ್ತೇನೆ. ಒಂದು ಫಂಕ್ಷನ್ ಎಷ್ಟು ಹೊತ್ತು ತಿಂದಿತು ಎಂದು ಅಳೆಯುವುದು ನನ್ನ ನಿತ್ಯದ ಕೆಲಸ. 3 ಗಿಗಾಹರ್ಟ್ಸ್ ಪ್ರೊಸೆಸರ್ ಸೆಕೆಂಡಿಗೆ 300 ಕೋಟಿ ಸಲ ಮಿಡಿಯುತ್ತದೆ. ಅಲ್ಲಿ ಮಿಲಿಸೆಕೆಂಡೂ ಬಲು ದೊಡ್ಡ ಅಳತೆ.

1993ರ ಪೆಂಟಿಯಂ ಚಿಪ್ಪಿನಲ್ಲಿ ಇಂಟೆಲ್ ಈ ಮಿಡಿತ ಎಣಿಸುವ 64 ಬಿಟ್ ಕೌಂಟರ್ ಇಟ್ಟಿತು. 'ಆರ್‌ಡಿಟಿಎಸ್‌ಸಿ' ಎಂಬ ಒಂದೇ ಆದೇಶ ಸಾಕು, ಅದನ್ನು ಓದಬಹುದು. ಕೆಲಸಕ್ಕೆ ಮೊದಲೊಮ್ಮೆ, ಆಮೇಲೊಮ್ಮೆ ಓದಿ ಕಳೆದರೆ ಲೆಕ್ಕ ಸಿಗುತ್ತದೆ.

ಆದರೆ ಪ್ರೊಸೆಸರ್ ಆದೇಶಗಳನ್ನು ಬರೆದ ಕ್ರಮದಲ್ಲೇ ನಡೆಸುವುದಿಲ್ಲ. ಸಿದ್ಧವಿದ್ದುದನ್ನು ಮೊದಲು ಮುಗಿಸುತ್ತದೆ. ಹಾಗಾಗಿ ಕೆಲಸ ಮುಗಿಯುವ ಮುನ್ನವೇ ಎರಡನೇ ಓದು ನಡೆದುಬಿಡಬಹುದು. ಅದನ್ನು ತಡೆಯಲು 'ಎಲ್‌ಫೆನ್ಸ್' ಆದೇಶ ಸೇರಿಸುತ್ತೇವೆ. ಇನ್ನೊಂದು ತೊಡಕೂ ಇತ್ತು: ಹಳೆಯ ಚಿಪ್ಪುಗಳಲ್ಲಿ ವೇಗ ತಗ್ಗಿದರೆ ಎಣಿಕೆಯೂ ತಗ್ಗುತ್ತಿತ್ತು. ಈಗಿನವುಗಳಲ್ಲಿ ಕೌಂಟರ್ ಒಂದೇ ವೇಗದಲ್ಲಿ ಸಾಗುತ್ತದೆ.

ಪ್ರೊಸೆಸರಿನ ಈ ವಿದ್ಯೆ ದೂರದವರದ್ದಲ್ಲ. 2008ರ ಇಂಟೆಲ್‌ನ ಆರು ಕೋರ್‌ಗಳ ಜಿಯಾನ್ 7400 ಚಿಪ್ಪಿನ ವಿನ್ಯಾಸ ನಡೆದದ್ದು ಬೆಂಗಳೂರಿನಲ್ಲಿ. ಈ ಕೆಲಸ ಕಲಿಯಬಯಸುವ ನಮ್ಮ ಸುತ್ತಲಿನ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹುಡುಗ ಹುಡುಗಿಯರಿಗೆ ನಾನು ಹೇಳುವುದಿಷ್ಟೇ: ಒಂದೇ ಅಳತೆಯನ್ನು ನಂಬಬೇಡಿ. ನೂರಾರು ಸಲ ಅಳೆಯಿರಿ, ಅತಿ ಕಡಿಮೆ ಬಂದದ್ದನ್ನು ನೋಡಿ. ಉಳಿದವುಗಳಲ್ಲಿ ಆಪರೇಟಿಂಗ್ ಸಿಸ್ಟಂನ ಅಡ್ಡಿಯೂ ಸೇರಿರಬಹುದು.