‘ಜರ್ಮನಿಯಲ್ಲಿ ಎಲ್ಲವೂ ಉಚಿತ’: ಈ ಫಾರ್ವರ್ಡ್‌ನಲ್ಲಿ ಎಷ್ಟು ನಿಜ?

‘ಜರ್ಮನಿ 90,000 ಭಾರತೀಯರಿಗೆ ಕೆಲಸ ಕೊಡುತ್ತಿದೆ. ಓದು ಉಚಿತ, ಆಸ್ಪತ್ರೆ ಉಚಿತ, ಭಾಷೆ ಬೇಕಾಗಿಲ್ಲ.’ ಈ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಪೂರ್ತಿ ಸುಳ್ಳಾಗಿದ್ದರೆ ಅಳಿಸಿ ಸುಮ್ಮನಿರಬಹುದಿತ್ತು. ಅರ್ಧ ನಿಜ ಇರುವುದೇ ತೊಂದರೆ. ಆ ಅರ್ಧವನ್ನು ನಂಬಿ ಒಡವೆ ಅಡವಿಟ್ಟು ಏಜೆಂಟರಿಗೆ ಹಣ ಕಟ್ಟಿದರೆ ಉಳಿದರ್ಧ ಗೊತ್ತಾಗುವುದು ಅಲ್ಲಿ ಇಳಿದ ಮೇಲೆ.

ಮೊದಲು 90,000ದ ವಿಚಾರ ನೋಡೋಣ. 2024ರ ಅಕ್ಟೋಬರ್‌ನಲ್ಲಿ ಅಂದಿನ ಚಾನ್ಸಲರ್ ಓಲಾಫ್ ಶೋಲ್ಜ್ ದೆಹಲಿಗೆ ಬಂದಿದ್ದಾಗ, ನುರಿತ ಭಾರತೀಯ ಕೆಲಸಗಾರರಿಗೆ ಕೊಡುವ ವೀಸಾವನ್ನು ವರ್ಷಕ್ಕೆ 20,000ದಿಂದ 90,000ಕ್ಕೆ ಏರಿಸುವುದಾಗಿ ಹೇಳಿದ್ದು ನಿಜ. ಆದರೆ ಅದು ವೀಸಾದ ಸಂಖ್ಯೆ, ಕೆಲಸದ್ದಲ್ಲ. ಕೆಲಸ ನೀವೇ ಹುಡುಕಬೇಕು. ಹುಡುಕಲೆಂದೇ 2024ರ ಜೂನ್‌ನಲ್ಲಿ ಬಂದ ‘ಚಾನ್ಸೆನ್‌ಕಾರ್ಟೆ’ (ಅವಕಾಶ ಕಾರ್ಡ್) ಇದೆ. ಒಂದು ವರ್ಷದವರೆಗೆ ಅಲ್ಲಿದ್ದು ಹುಡುಕಬಹುದು, ವಾರಕ್ಕೆ 20 ಗಂಟೆ ದುಡಿಯಬಹುದು. ಅಷ್ಟು ದಿನ ಬದುಕಲು ಬೇಕಾದ ಹಣ ಇದೆಯೆಂದು ಮೊದಲೇ ತೋರಿಸಬೇಕು. ಭಾಷೆ ಬೇಡ ಎನ್ನುವ ಮಾತು ಕೆಲವು ಐಟಿ ಕಂಪನಿಗಳ ಮಟ್ಟಿಗೆ ಸರಿ. ನರ್ಸಿಂಗ್ ಓದಿದವರಿಗೆ ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಕೇಳುತ್ತಾರೆ. ಅದು ಮೂರು ತಿಂಗಳಲ್ಲಿ ಬರುವಂಥದ್ದಲ್ಲ.

ಓದು ಉಚಿತವೇ? ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಪಾಲು ಹೌದು. ಆದರೆ ಬಾಡನ್-ವ್ಯುರ್ಟೆಂಬರ್ಗ್ ರಾಜ್ಯ ಯುರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ 2017ರಿಂದ ಸೆಮಿಸ್ಟರ್‌ಗೆ 1,500 ಯೂರೋ ಪಡೆಯುತ್ತಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರುಮಾಡಿದೆ.

ಫೀಸು ಇಲ್ಲದಿದ್ದರೂ ಬದುಕುವ ಖರ್ಚು ಇದ್ದೇ ಇದೆ. ವಿದ್ಯಾರ್ಥಿ ವೀಸಾಕ್ಕೆ ‘ಬ್ಲಾಕ್ಡ್ ಅಕೌಂಟ್’ ಎಂಬ ಖಾತೆಯಲ್ಲಿ ಒಂದು ವರ್ಷದ ಖರ್ಚು ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ. ಯೂರೋಗೆ ನೂರು ರೂಪಾಯಿ ಹಿಡಿದರೂ ಸುಮಾರು 12 ಲಕ್ಷ. ಇದು ಸರ್ಕಾರಕ್ಕೆ ಕಟ್ಟುವ ಫೀಸಲ್ಲ, ನಿಮ್ಮದೇ ಹಣ. ಅಲ್ಲಿ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ನಿಮಗೇ ಬರುತ್ತದೆ. ‘ಹಣ ನಾವು ತೋರಿಸುತ್ತೇವೆ, ಬಡ್ಡಿ ಕೊಟ್ಟರೆ ಸಾಕು’ ಎನ್ನುವವರ ಮಾತಿನ ಅಪಾಯ ಇಲ್ಲೇ ಇದೆ. ತೋರಿಸಿದ ಹಣವನ್ನು ಅವರು ವಾಪಸ್ ಕೇಳಿದರೆ ನಿಮ್ಮ ಬಾಡಿಗೆ, ಊಟಕ್ಕೆ ಏನು ಮಾಡುತ್ತೀರಿ?

ಆಸ್ಪತ್ರೆಯೂ ಪುಕ್ಕಟೆಯಲ್ಲ. ಆರೋಗ್ಯ ವಿಮೆ ಎಲ್ಲರಿಗೂ ಕಡ್ಡಾಯ. ಸರ್ಕಾರಿ ವಿಮೆಗೆ ಸಂಬಳದ 14.6 ಶೇಕಡಾ ಮತ್ತು ಅದರ ಮೇಲೊಂದಿಷ್ಟು ಹೋಗುತ್ತದೆ, ಅರ್ಧ ಕಂಪನಿ ಕಟ್ಟುತ್ತದೆ. ವಿದ್ಯಾರ್ಥಿಗಳಿಗೂ ತಿಂಗಳಿಗೆ ನೂರು ಯೂರೋ ಮೀರುತ್ತದೆ.

ಹಣಕ್ಕಿಂತ ಹೆಚ್ಚು ಸತಾಯಿಸುವುದು ಮನೆ. ಮನೆಗೆ ಹೋದ ಎರಡು ವಾರದೊಳಗೆ ಆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. ಮನೆ ಮಾಲೀಕರ ಸಹಿ ಇರುವ ಪತ್ರ ಇಲ್ಲದೆ ಅದು ಆಗುವುದಿಲ್ಲ. ಆದ್ದರಿಂದ ‘ಇರಬಹುದು, ಆದರೆ ವಿಳಾಸ ನೋಂದಾಯಿಸುವಂತಿಲ್ಲ’ ಎನ್ನುವ ಅಗ್ಗದ ಕೋಣೆ ಕೊನೆಗೆ ದುಬಾರಿಯೇ. ನೋಂದಣಿಯಾದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಇಲ್ಲೊಂದು ಸಣ್ಣ ವಿಷಯವನ್ನು ಹೊಸಬರಿಗೆ ಯಾರೂ ಹೇಳಿರುವುದಿಲ್ಲ: ಅಂಚೆ ಡಬ್ಬದ ಮೇಲೆ ನಿಮ್ಮ ಹೆಸರು ಇಲ್ಲದಿದ್ದರೆ ಕಾಗದ ವಾಪಸ್ ಹೋಗಬಹುದು. ಮೊದಲ ದಿನವೇ ಒಂದು ಚೀಟಿ ಅಂಟಿಸಿ.

‘ನಾನು ಬೇರೆ ಊರಲ್ಲಿದ್ದೇನೆ, ಡಿಪಾಸಿಟ್ ಕಳಿಸಿ, ಕೀ ಪೋಸ್ಟ್ ಮಾಡುತ್ತೇನೆ’ ಎಂದು ಯಾರಾದರೂ ಬರೆದರೆ ಉತ್ತರ ಕೊಡುವುದೇ ಬೇಡ. ಅಲ್ಲಿನ ಕಾನೂನಿನಂತೆ ಡಿಪಾಸಿಟ್ ಮೂರು ತಿಂಗಳ ‘ತಣ್ಣನೆ ಬಾಡಿಗೆ’ಗಿಂತ, ಅಂದರೆ ಬಿಸಿ ಮಾಡುವ ಖರ್ಚು ಇತ್ಯಾದಿ ಸೇರದ ಬಾಡಿಗೆಗಿಂತ, ಹೆಚ್ಚಿರುವಂತಿಲ್ಲ. ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು. ಮೊದಲ ಕಂತು ಬಾಡಿಗೆ ಶುರುವಾದಾಗ.

ಕೊಟ್ಟ ಡಿಪಾಸಿಟ್ ಕೈತಪ್ಪಲು ಇನ್ನೊಂದು ದಾರಿ ಬೂಷ್ಟು. ‘ಚಳಿ ದೇಶದಲ್ಲಿ ಕಿಟಕಿ ತೆಗೆಯಲೇಬಾರದು, ನೆಗಡಿ ಬರುತ್ತೆ’ ಎಂದು ಮನೆಯವರು ಫೋನಿನಲ್ಲಿ ಹೇಳುವುದು ಪ್ರೀತಿಯಿಂದಲೇ. ಆದರೆ ನೆಗಡಿ ತರುವುದು ವೈರಸ್. ಮುಚ್ಚಿದ ಕೋಣೆಯಲ್ಲಿ ಅದು ಇನ್ನೂ ಸುಲಭವಾಗಿ ಹರಡುತ್ತದೆ. 20 ಡಿಗ್ರಿ ಬೆಚ್ಚಗಿನ ಗಾಳಿ ಒಂದು ಘನ ಮೀಟರ್‌ನಲ್ಲಿ ಸುಮಾರು 17 ಗ್ರಾಂ ನೀರಾವಿ ಹಿಡಿಯಬಲ್ಲದು. ಸೊನ್ನೆ ಡಿಗ್ರಿಯ ಗಾಳಿ ಹಿಡಿಯುವುದು 5 ಗ್ರಾಂಗೂ ಕಡಿಮೆ. ಅನ್ನ ಬೇಯಿಸಿ, ಸಾರು ಕುದಿಸಿ, ಒಳಗೇ ಬಟ್ಟೆ ಒಣಹಾಕಿದರೆ ಆ ಆವಿಯೆಲ್ಲ ತಣ್ಣಗಿನ ಗೋಡೆಯ ಮೂಲೆಯಲ್ಲಿ ನೀರಾಗಿ ಕೂರುತ್ತದೆ. ಅಲ್ಲಿ ಕಪ್ಪಗೆ ಬೂಷ್ಟು ಹಿಡಿಯುತ್ತದೆ. ಅದು ನಿಮ್ಮ ಅಜಾಗರೂಕತೆಯಿಂದ ಆದದ್ದೆಂದಾದರೆ ರಿಪೇರಿ ಖರ್ಚು ಡಿಪಾಸಿಟ್‌ನಿಂದ ಹೋಗುತ್ತದೆ.

ಹೊರಗೆ ಮಳೆಯಿದ್ದರೂ ಅಲ್ಲಿನ ಚಳಿಗಾಲದ ಗಾಳಿ ಒಳಬಂದು ಬೆಚ್ಚಗಾದರೆ ಒಣಗಾಳಿಯೇ ಆಗುತ್ತದೆ. ಹಾಗಾಗಿ ದಿನಕ್ಕೆ ಎರಡು ಮೂರು ಸಲ, ಅಡುಗೆ, ಸ್ನಾನ ಆದ ಮೇಲೂ, ಹೀಟರ್ ತಗ್ಗಿಸಿ ಕಿಟಕಿಗಳನ್ನು ಪೂರ್ತಿ ತೆಗೆದು ಐದರಿಂದ ಹತ್ತು ನಿಮಿಷ ಬಿಡಿ. ಇದಕ್ಕೆ ಜರ್ಮನರು ‘ಶ್ಟೋಸ್‌ಲ್ಯುಫ್ಟನ್’ ಎನ್ನುತ್ತಾರೆ. ಬಾಡಿಗೆ ಕರಾರಿನಲ್ಲೇ ಬರೆದಿರುವುದೂ ಉಂಟು. ಕಿಟಕಿಯನ್ನು ಗಂಟೆಗಟ್ಟಲೆ ಓರೆಯಾಗಿ ತೆಗೆದಿಡಬೇಡಿ. ಗೋಡೆ ತಣ್ಣಗಾಗಿ ಬೂಷ್ಟು ಇನ್ನೂ ಬೇಗ ಬರುತ್ತದೆ.