ಗಿರಿಯ ನೆಲಹಕ್ಕಿ, ಬೆಟ್ಟದ ದರಕು



ಬಾಬಾಬುಡನ್‌ಗಿರಿ ಎಂದೊಡನೆ ಬೆಳೆಗಾರರಾದ ನಮಗೆ ನೆನಪಾಗುವುದು ಏಳು ಕಾಫಿ ಬೀಜಗಳ ಕಥೆ. 17ನೆಯ ಶತಮಾನದಲ್ಲಿ ಬಾಬಾಬುಡನ್‌ರವರು ಅವನ್ನು ಯೆಮನ್ ದೇಶದಿಂದ ತಂದು ಅಲ್ಲಿ ಬೆಳೆಸಿದರೆಂದು ಪ್ರತೀತಿ. ಅದೇ ಗಿರಿಯ ಮಂಜು ಮುಸುಕಿದ ಕಾಡಿನಲ್ಲಿ ಕಾಫಿಗಿಂತ ಬಹು ಹಿಂದಿನಿಂದ ನೆಲೆಸಿರುವ ಪುಟ್ಟ ಹಕ್ಕಿಯೊಂದಿದೆ. ಪಕ್ಷಿತಜ್ಞರು ಅದನ್ನು ನೀಲಗಿರಿ ಶೋಲಾಕಿಳಿ ಎನ್ನುತ್ತಾರೆ. ಕಿಳಿ ಎಂದರೆ ಇಲ್ಲಿ ನಮ್ಮ ಗಿಳಿಯಲ್ಲ, ಮಲೆಯಾಳದಲ್ಲಿ ಹಕ್ಕಿ ಎಂದರ್ಥ.

ಗಾತ್ರದಲ್ಲಿ ಇದು ಗುಬ್ಬಚ್ಚಿಯಷ್ಟು. ಬೆನ್ನು, ಎದೆ ಕಡುನೀಲಿ, ಪಕ್ಕೆ ಕಂದುಗೆಂಪು, ಹೊಟ್ಟೆ ಬಿಳಿ, ಕಾಲು ಉದ್ದ. ದಟ್ಟ ಪೊದೆಯಡಿಯ ಮಬ್ಬಿನಲ್ಲಿ, ತರಗೆಲೆಯ ಮೇಲೆ ಕುಪ್ಪಳಿಸುತ್ತಾ ಹುಳುಹುಪ್ಪಟೆ ಆರಿಸಿ ತಿನ್ನುತ್ತದೆ. ದರೆಯ ಅಥವಾ ಮರದ ಪೊಟರೆಯಲ್ಲಿ ಗೂಡು ಕಟ್ಟಿ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ಇದನ್ನು ಕಂಡವರಿಗಿಂತ ಇದರ ಸಿಳ್ಳು ಕೇಳಿದವರೇ ಹೆಚ್ಚು.

1840ರ ದಶಕದಲ್ಲಿ ವೈದ್ಯ ಜರ್ಡನ್ ಇದನ್ನು ಮೊದಲು ವರ್ಣಿಸಿದರು. ಅಲ್ಲಿಂದೀಚೆಗೆ ಇದನ್ನು ಹಲವು ಕುಲಗಳಿಗೆ ಸೇರಿಸಿ ನೋಡಿದ್ದಾಯಿತು. ಕೊನೆಗೆ 2017ರಲ್ಲಿ ವಿ. ವಿ. ರಾಬಿನ್ ಮತ್ತು ಸಂಗಡಿಗರು, ಇದು ಪಶ್ಚಿಮ ಘಟ್ಟಕ್ಕೇ ಮೀಸಲಾದ ಕುಲವೆಂದು ತೋರಿಸಿ ‘ಶೋಲಿಕೋಲ’ ಎಂದು ಹೆಸರಿಟ್ಟರು. ಬಾಬಾಬುಡನ್‌ಗಿರಿಯಿಂದ ಕೊಡಗು, ನೀಲಗಿರಿಯವರೆಗೆ ಇದರ ವಾಸ. ಪಾಲಕ್ಕಾಡು ಕಣಿವೆಯಿಂದ ದಕ್ಷಿಣಕ್ಕಿರುವುದು ಇದರ ದಾಯಾದಿ.

ಶೋಲೆಯೆಂದರೆ ಹುಲ್ಲುಗುಡ್ಡಗಳ ಮಡಿಕೆಗಳಲ್ಲಿ ಬೆಳೆದ ಗಿಡ್ಡ ಮರಗಳ ಕಾಡು. ಪೊದೆಯ ಮರೆ ಬಿಟ್ಟು ಬಯಲು ದಾಟುವುದು ಈ ಹಕ್ಕಿಯ ಸ್ವಭಾವವಲ್ಲ. ಚಹಾ, ನೀಲಗಿರಿ ಮರ, ವಾಟಲ್ ನೆಡುತೋಪುಗಳಿಗಾಗಿ ಕಾಡು ತುಂಡಾದಂತೆಲ್ಲ ಹಕ್ಕಿಯ ಬಳಗವೂ ತುಂಡಾಯಿತು. ಇಂದು ಅದು ಆತಂಕದಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿದೆ.

ಹುಬ್ಬಳ್ಳಿ-ಧಾರವಾಡದ ಕಡೆಯ ನಮಗೆ ಇದರಿಂದೇನು ಎಂದು ಕೆಲವರು ಕೇಳಬಹುದು. ಶೋಲಾಕಿಳಿ ನಮ್ಮಲ್ಲಿಲ್ಲ, ನಿಜ. ಆದರೆ ಕಲಘಟಗಿಯಿಂದಾಚೆ ಯಲ್ಲಾಪುರ, ಶಿರಸಿಗಳ ಸೊಪ್ಪಿನ ಬೆಟ್ಟಗಳಲ್ಲಿ ಕಾಡುಕೋಳಿ, ಚಿಟ್ಟುಕೋಳಿ, ಚಳಿಗಾಲಕ್ಕೆ ಬರುವ ನವರಂಗ ಇವೆ. ಅವೂ ದರಕು ಕೆದಕಿಯೇ ಹೊಟ್ಟೆ ಹೊರೆಯುವಂಥವು. ಆ ದರಕನ್ನೇ ನಾವು ಕೊಟ್ಟಿಗೆಗೂ ಅಡಿಕೆ ಬುಡಕ್ಕೂ ಗುಡಿಸಿ ತರುತ್ತೇವೆ.

ಗೊಬ್ಬರದ ಬೆಲೆ ಬಲ್ಲ ನಾವು ದರಕು ತರಲೇಬೇಡಿ ಎನ್ನಲಾರೆವು. ನಮ್ಮ ಮನವಿ ಇಷ್ಟೆ: ಒರತೆಯ ಸುತ್ತ, ಹಳ್ಳದ ಎರಡೂ ದಂಡೆಗಳಲ್ಲಿ ಕೆಲವು ಮಾರು ಜಾಗ ಗುಡಿಸದೆ ಬಿಡಿ. ಅಲ್ಲಿನ ಪೊದೆ ಸವರಬೇಡಿ. ಬೇಸಿಗೆಯಲ್ಲಿ ಬೆಟ್ಟಕ್ಕೆ ಬೆಂಕಿ ಬೀಳದಂತೆ ಕಾಯಿರಿ. ಕಡಿಮೆಬಿದ್ದ ದರಕಿನ ಬದಲು ಅಡಿಕೆ ಸೋಗೆ, ಸಿಪ್ಪೆ, ಕಾಫಿ ಗಿಡದ ಸವರುಕಡ್ಡಿಗಳನ್ನು ಕೊಳೆಸಿ ಹಾಕಬಹುದು.

ಗುಡಿಸಿದ ನೆಲದ ಮೇಲೆ ಮಳೆನೀರು ಮಣ್ಣನ್ನೂ ಎಳೆದುಕೊಂಡು ಓಡುತ್ತದೆ; ದರಕಿನ ಹಾಸಿನಡಿ ಇಂಗುತ್ತದೆ. ಏಪ್ರಿಲ್‌ನಲ್ಲಿ ತೋಟಕ್ಕೆ ಬಿಡಲು ಹಳ್ಳದಲ್ಲಿ ನೀರು ಬೇಕೆನ್ನುವವರು ಈ ಲೆಕ್ಕವನ್ನೂ ಹಾಕಿ ನೋಡಬೇಕು.